ಮನೆ ಗಟ್ಟಿ, ನೆಲ ಅಂಬಲಿ

ಭಾಲ್ಕಿ

ನಮ್ಮ ಸಿಮೆಂಟ್ ಅಂಗಡಿ ಕಾಗದದ ಮೇಲೆ ನನ್ನದು. ತೆರಿಗೆಗೆ ಹಾಗೆ ಅನುಕೂಲ ಎಂದು ಯಾರೋ ಹೇಳಿದ್ದಕ್ಕೆ ನಮ್ಮ ಯಜಮಾನರು, ವೈಜಿನಾಥರು, ಅದನ್ನು ನನ್ನ ಹೆಸರಿಗೆ ಮಾಡಿಸಿದ್ದರು. ಗಲ್ಲಾದ ಮೇಲೆ ಕೂಡುವವರು ಅವರು, ಗಿರಾಕಿಗಳ ಜೊತೆ ವಾದ ಮಾಡುವವರು ಅವರು. ಮಧ್ಯಾಹ್ನ ಊಟ ಮಾಡಿ ಅವರು ಒಂದಿಷ್ಟು ಅಡ್ಡಾಗುವ ಹೊತ್ತಿನಲ್ಲಿ ಮಾತ್ರ ನಾನು ಹೋಗಿ ಕೂಡುತ್ತಿದ್ದೆ.

ಹೆಚ್ಚು ಮಾಲು ಮಾರಿದ ಡೀಲರುಗಳನ್ನು ಪರದೇಶಕ್ಕೆ ಕರೆದುಕೊಂಡು ಹೋಗುತ್ತೇವೆ ಎಂದು ಕಂಪನಿಯವರು ಹೇಳಿದಾಗ ಯಜಮಾನರು ಬೀದರಿಗೆ ಹೋಗಿ ಸೂಟು ಹೊಲಿಸಿಕೊಂಡು ಬಂದರು. ಸೂಟು ಬಂದ ಮೇಲೆ ಹೋಗುವವರ ಹೆಸರು ಬಂತು: ಶ್ರೀಮತಿ ಕಲಾವತಿ. ಅಂದರೆ ನಾನು.

ಅವರು ಕೂಡಲೇ ಕಂಪನಿಯ ಅಧಿಕಾರಿಗೆ ಫೋನ್ ಮಾಡಿದರು.

"ಅಲ್ರಿ ಸಾಹೇಬ್ರ, ಡೀಲರ್ ನಾ ಅಲ್ಲೇನ್ರಿ?"

"ಕಾಗದದಲ್ಲಿ ಮೇಡಂ ಇದ್ದಾರೆ ಸರ್. ಡೀಲರ್ ಯಾರೋ ಅವರೇ ಬರಬೇಕು" ಎಂದರು ಬೆಂಗಳೂರಿನ ಆ ಅಧಿಕಾರಿ.

"ಮೇಡಂಗ ಒಂದ್ ಚೀಲದ ವಜನ್ ಎಷ್ಟಂತ ಕೇಳ್ರಿ ನೋಡೋಣು!"

ಚೀಲದ ತೂಕ ನನಗೆ ಗೊತ್ತಿತ್ತು. ಆದರೆ ಅದನ್ನು ಹೇಳುವ ಸಮಯ ಅದಲ್ಲ ಎಂದು ಸುಮ್ಮನಿದ್ದೆ. ನನ್ನ ಪಾಸ್‌ಪೋರ್ಟ್ ಮಾಡಿಸಲು ಅವರೇ ಕರೆದೊಯ್ದರು, ದಾರಿಯುದ್ದಕ್ಕೂ ಸೂಟಿನ ಖರ್ಚು ಲೆಕ್ಕ ಹಾಕುತ್ತ.

ಅವರಿಗೆ ಸಮಾಧಾನವೆಂದರೆ ಈ ಸಲದ ಪ್ರವಾಸ ಬ್ಯಾಂಕಾಕಿಗೆ ಇರಲಿಲ್ಲ. ಮೊದಲೆಲ್ಲ ಡೀಲರುಗಳು ಅಲ್ಲಿಗೇ ಹೋಗಿ ಬಂದು, ಹೆಂಗಸರು ಹತ್ತಿರ ಬಂದರೆ ಮಾತು ಬದಲಿಸುತ್ತಿದ್ದರು. ಈ ವರ್ಷ ಕಂಪನಿಗೆ ಬಂದ ಹೊಸ ಮುಖ್ಯಸ್ಥರು ಇದು 'ಜ್ಞಾನ ಪ್ರವಾಸ' ಎಂದು ಘೋಷಿಸಿದ್ದರು. ಜಪಾನಿಗೆ ಹೋಗಿ ಭೂಕಂಪದ ಬಗ್ಗೆ ತಿಳಿದುಕೊಳ್ಳಬೇಕಂತೆ. ಇಡೀ ಜಿಲ್ಲೆಯ ಡೀಲರುಗಳ ಮುಖ ಬಾಡಿತು.

ಭೂಕಂಪ ನಮಗೆ ಹೊಸದಲ್ಲ. ನಾನು ಸಾಲಿಗೆ ಹೋಗುವ ಹುಡುಗಿಯಾಗಿದ್ದಾಗ, ಗಣಪತಿ ಕಳಿಸಿದ ಮರುದಿನ ನಸುಕಿನಲ್ಲಿ, ಮಹಾರಾಷ್ಟ್ರದ ಪಕ್ಕದ ಜಿಲ್ಲೆಯಲ್ಲಿ ಭೂಮಿ ನಡುಗಿ ಮಣ್ಣಿನ ಮಾಳಿಗೆಗಳು ಮಲಗಿದವರ ಮೇಲೆ ಬಿದ್ದವು. ಭಾಲ್ಕಿಯಲ್ಲಿ ನಾವೆಲ್ಲ ಎಷ್ಟೋ ದಿನ ಅಂಗಳದಲ್ಲಿ ಮಲಗಿದೆವು. ಕಲ್ಲು-ಮಣ್ಣು ಕೊಲ್ಲುತ್ತದೆ, ಸಿಮೆಂಟು ಕಾಯುತ್ತದೆ ಎನ್ನುವ ಮಾತು ಅಂದಿನಿಂದ ನಮ್ಮ ಕಡೆ ಗಟ್ಟಿಯಾಯಿತು. ಸತ್ಯ ಹೇಳಬೇಕೆಂದರೆ ನಮ್ಮ ಅಂಗಡಿ ನಿಂತಿದ್ದೇ ಆ ಹೆದರಿಕೆಯ ಮೇಲೆ.

ನಮ್ಮ ಜಿಲ್ಲೆಯಿಂದ ಹೊರಟವರು ಮೂವರು. ಬೀದರಿನ ಮಕ್ಬೂಲ್ ಸಾಹೇಬರು, ಔರಾದಿನ ಬಾಬುರಾವ್, ನಾನು. ಬೇರೆ ಜಿಲ್ಲೆಗಳ ಡೀಲರುಗಳ ಜೊತೆ, ಜಪಾನಿ ಭಾಷೆ ಅಷ್ಟಿಷ್ಟು ಕಲಿತಿದ್ದ ಆ ಬೆಂಗಳೂರಿನ ಅಧಿಕಾರಿಯೂ ಹೊರಟರು. ಬಾಬುರಾವ್ ನಮ್ಮ ಯಜಮಾನರ ಭಾಗೀದಾರ ಕೂಡ. ಇಬ್ಬರೂ ಸೇರಿ ಔರಾದ್ ಕಡೆ ಮಾಂಜ್ರಾ ಹೊಳೆಯ ದಂಡೆಯಲ್ಲಿ ಒಂದು ಜಾಗ ತೆಗೆದುಕೊಂಡಿದ್ದರು. ಉಸುಕು ತೋಡಿ ಸಾಗಿಸಿದವರು ಬಿಟ್ಟುಹೋದ ತೆಗ್ಗುಗಳನ್ನು ಮತ್ತೆ ಉಸುಕಿನಿಂದಲೇ ತುಂಬಿ ಸಪಾಟು ಮಾಡಿದ ಜಾಗ. ಅಲ್ಲಿ ಮದುವೆಗಳಿಗೆ ದೊಡ್ಡ ಫಂಕ್ಷನ್ ಹಾಲ್ ಏಳಬೇಕಿತ್ತು. ನಾವು ಜಪಾನಿನಿಂದ ಬಂದ ಕೂಡಲೇ ಪಾಯದ ಪೂಜೆ ಎಂದು ಮುಹೂರ್ತವೂ ಗೊತ್ತಾಗಿತ್ತು.

ಟೋಕಿಯೋ

ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ತೆರೆಸಿದರು. ಒಳಗೆ ಖಡಕ್ ರೊಟ್ಟಿಯ ದೊಡ್ಡ ಗಂಟು, ಶೇಂಗಾ ಹಿಂಡಿ, ಅಗಸಿ ಹಿಂಡಿ ಎನ್ನುವ ನಮ್ಮ ಕಡೆಯ ಚಟ್ನಿಪುಡಿಗಳು. ತಪಾಸಣೆಯವ ಒಂದು ರೊಟ್ಟಿಯನ್ನು ಬೆರಳಿನಿಂದ ತಟ್ಟಿದ. ಟಣ್ ಎಂದಿತು.

"ಇದು ಟೈಲ್ಸಾ?" ಎಂದ ಹಿಂದಿಯಲ್ಲಿ.

"ಹೌದ್ರಿ, ನಾವು ಮಟೀರಿಯಲ್ ಡೀಲರ್ಸ್, ಸ್ಯಾಂಪಲ್ ಅವ" ಎಂದರು ಹಿಂದೆ ನಿಂತ ಬಾಬುರಾವ್. ಆ ಒಂದು ಮಾತಿಗೆ ನಮ್ಮ ಮೂವರ ಚೀಲಗಳನ್ನೂ ಬುಡಮೇಲು ಮಾಡಿ ನೋಡಿದರು.

ಟೋಕಿಯೋದಲ್ಲಿ ಇಳಿದ ಮೇಲೆ ಬಾಬುರಾವ್ ಅವರಿಗೆ ಬಂದ ಮೊದಲ ಸಂಕಟ ಭೂಕಂಪದ್ದಲ್ಲ, ತಂಬಾಕಿನದು. ಬಾಯಿ ತುಂಬಿಕೊಂಡು ರೈಲು ನಿಲ್ದಾಣದುದ್ದಕ್ಕೂ ಉಗುಳಲು ಒಂದು ಜಾಗ ಹುಡುಕಿದರು. ಗೋಡೆಗಳೆಲ್ಲ ಕನ್ನಡಿಯಂತೆ. ಕೊನೆಗೆ ನನ್ನ ಹತ್ತಿರ ಬಂದು ಗದ್ದ ಮೇಲೆತ್ತಿ ಹೇಳಿದರು: "ವೈನಿ, ಇಷ್ಟ್ ದೊಡ್ಡ ಊರಾಗ ಒಂದ್ ಹೊಲಸು ಮೂಲಿ ಇಲ್ಲಲ್ರಿ!"

ರೈಲು ಬಂದುಬಿಟ್ಟಿತು. ನುಂಗಿದರು. ಆಮೇಲೆ ಬಿಕ್ಕಳಿಕೆ ಶುರುವಾಯಿತು. ಎದುರಿಗೆ ಕೂತ ಒಬ್ಬ ಹೆಂಗಸು ತಲೆಬಾಗಿಸಿ, ಎರಡೂ ಕೈಯಿಂದ ಅವರಿಗೊಂದು ಪೆಪ್ಪರಮಿಂಟು ಕೊಟ್ಟಳು. ಅಷ್ಟು ಮರ್ಯಾದೆಯಿಂದ ತಮಗೆ ಯಾರೂ ಹೆಣ್ಣು ಕೂಡ ಕೊಟ್ಟಿರಲಿಲ್ಲ ಎಂದು ಅವರು ನಂತರ ಹೇಳಿದರು.

ಆ ರೈಲಿನಲ್ಲಿ ಯಾರೂ ಮಾತಾಡುವುದಿಲ್ಲ. ಬೀದರ್-ಭಾಲ್ಕಿ ಗಾಡಿ ಹತ್ತಿದರೆ ಇಳಿಯುವುದರೊಳಗೆ ಪಕ್ಕದವರ ಮಗಳಿಗೆ ಗಂಡು ಗೊತ್ತಾಗಿರುತ್ತದೆ. ಇಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತವರು ಒಬ್ಬರನ್ನೊಬ್ಬರು ನೋಡುವುದೂ ಇಲ್ಲ. ಅಂಥ ಹೊತ್ತಿಗೆ ಮಕ್ಬೂಲ್ ಸಾಹೇಬರ ಫೋನು ಕವ್ವಾಲಿ ಹಾಡತೊಡಗಿತು. ಇಡೀ ಡಬ್ಬಿಯವರು ತಮ್ಮ ತಮ್ಮ ಬೂಟು ನೋಡಿಕೊಂಡರು, ತಪ್ಪು ಅವರದೇ ಎನ್ನುವ ಹಾಗೆ.

ಊಟದ ಕಥೆ ದೊಡ್ಡದು. ಸಸ್ಯಾಹಾರ ಎಂದು ಹೇಳಿ ತರಿಸಿದ ತರಕಾರಿಯ ದಪ್ಪ ರೊಟ್ಟಿಯ ಮೇಲೆ ಬಡಗಿ ಉಜ್ಜಿದ ಹೊಟ್ಟಿನಂಥದ್ದೇನೋ ಉದುರಿಸಿದ್ದರು. ಬಿಸಿಗೆ ಅದು ತಾನೇ ಎದ್ದು ಕುಣಿಯುತ್ತಿತ್ತು. ಒಣಮೀನಿನ ಚೂರು ಎಂದು ಅಧಿಕಾರಿ ಹೇಳಿದಾಗ ನಾನು ತಟ್ಟೆ ಸರಿಸಿ ರೊಟ್ಟಿ ಗಂಟು ಬಿಚ್ಚಿದೆ. ಮಕ್ಬೂಲ್ ಸಾಹೇಬರಿಗೂ ಅಲ್ಲಿಯ ಮಾಂಸ ಮುಟ್ಟಲು ಸಂಶಯ. "ಭಾಬಿ, ಜಪಾನದಾಗ ನಾನೂ ಲಿಂಗಾಯತ ಆದೆ ನೋಡ್ರಿ" ಎಂದು ಅವರೂ ಹಿಂಡಿ ಹಚ್ಚಿಕೊಂಡು ಕಟುಮ್ ಕಟುಮ್ ಎಂದು ತಿಂದರು. ಆ ಸದ್ದಿಗೆ ಪಕ್ಕದ ಮೇಜಿನವರು ಮತ್ತೆ ಬೂಟು ನೋಡಿಕೊಂಡರು.

ಎರಡನೆಯ ಬೆಳಗು

ಸ್ನಾನ ಮಾಡಿ, ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಹಿಡಿದು ಕೂತಿದ್ದೆ. ಕೈ ನಡುಗಿದಂತಾಯಿತು. ರೊಟ್ಟಿ ತಿಂದೇ ಬದುಕಿದರೆ ಹೀಗೇ ಆಗುತ್ತದೆ ಎಂದುಕೊಂಡೆ. ಆಮೇಲೆ ಮುಂದಿಟ್ಟ ಗಿಂಡಿಯ ನೀರಿನಲ್ಲಿ ಸಣ್ಣ ಸಣ್ಣ ಬಳೆಗಳೆದ್ದವು, ಗೋಡೆ ಕಿರ್ ಎಂದಿತು. ಅಂಗಳದಲ್ಲಿ ಮಲಗಿದ ಆ ಹಳೆಯ ದಿನಗಳು ಒಮ್ಮೆಲೇ ಮೈಗೆ ಬಂದವು. ಲಿಂಗವನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲಿಳಿದು ಓಡಿದೆ.

ಕೆಳಗೆ ತಿಂಡಿಯ ಕೋಣೆಯಲ್ಲಿ ಜಪಾನಿನವರೆಲ್ಲ ಕೂತಲ್ಲೇ ಕೂತು ಗಂಜಿ ಕುಡಿಯುತ್ತಿದ್ದರು. ನಡುವೆ ಹೋಟೆಲಿನವರು ಕೊಟ್ಟ ನಿಲುವಂಗಿಯಲ್ಲಿ ಬಾಬುರಾವ್ ನಿಂತಿದ್ದರು. ಕಾಲಲ್ಲಿ ಪಾಯಿಖಾನೆಗೆಂದೇ ಇಡುವ ಬೇರೆ ಬಣ್ಣದ ಚಪ್ಪಲಿ. ಭೂಕಂಪಕ್ಕೆ ತಲೆ ಎತ್ತದ ಜನ ಆ ಚಪ್ಪಲಿ ನೋಡಿ ಚಮಚೆ ಕೆಳಗಿಟ್ಟರು. ಕೆಲಸದ ಹುಡುಗಿ ಓಡಿಬಂದು, ಬಗ್ಗಿ ಬಗ್ಗಿ, ಅವರನ್ನು ಹೊರಗೆ ನಡೆಸಿದಳು.

"ಭೂಮಿ ನಡುಗಿದ್ರ ಸುಮ್ಮ ಕುಂದರ್ತಾರ, ಚಪ್ಪಲ್ ಬದಲಾದ್ರ ಹೌಹಾರ್ತಾರ" ಎಂದು ಬಾಬುರಾವ್ ಗೊಣಗಿದರು. "ಇವ್ರ ಮನಿ ಗಟ್ಟಿ ಅವ ವೈನಿ. ಧೈರ್ಯ ಅದರದ್ದು. ಎಲ್ಲಾ ಸಿಮೆಂಟಿನ ಪುಣ್ಯ."

ನನಗೂ ಹಾಗೇ ಅನಿಸಿತು. ಆ ದಿನ ಮಧ್ಯಾಹ್ನದವರೆಗೆ.

ಸಮುದ್ರ ತುಂಬಿಸಿದ ಊರು

ಟೋಕಿಯೋದ ಪಕ್ಕದಲ್ಲೇ, ಸಮುದ್ರಕ್ಕೆ ಉಸುಕು ತುಂಬಿ ನೆಲ ಮಾಡಿ ಕಟ್ಟಿದ ಒಂದು ಊರಿಗೆ ನಮ್ಮನ್ನು ಕರೆದೊಯ್ದರು. ಅಗಲ ರಸ್ತೆ, ಸಾಲು ಗಿಡ, ಒಂದೇ ಅಳತೆಯ ಮನೆಗಳು. ಬಾಬುರಾವ್ ರಸ್ತೆಯನ್ನು ಹೆಜ್ಜೆಯಿಂದ ಅಳೆದು "ಲೇಔಟ್ ಅಂದ್ರ ಇದು" ಎಂದರು.

ಮೊದಲು ಒಂದು ಕಲಿಕಾ ಕೇಂದ್ರದಲ್ಲಿ ಗೋಡೆಯ ಮೇಲಿನ ಫೋಟೋ ತೋರಿಸಿದರು. ದೊಡ್ಡ ಭೂಕಂಪವೊಂದರ ನಂತರ ತೆಗೆದವು. ಮನೆಗಳು ಬಿದ್ದಿರಲಿಲ್ಲ. ಒಂದೊಂದು ಮನೆ ಒಂದೊಂದು ಕಡೆಗೆ ವಾಲಿ, ಅರ್ಧ ಕುಡಿದವರ ಸಾಲಿನಂತೆ ನಿಂತಿದ್ದವು. ಸುತ್ತ ಬೂದಿಬಣ್ಣದ ರಾಡಿ.

ಬಾಬುರಾವ್ ಫೋಟೋಗೆ ಮೂಗು ತಾಗಿಸಿ ನೋಡಿದರು. "ನೋಡ್ರಿ ಮಕ್ಬೂಲ್ ಭಾಯ್, ಸೊಟ್ಟ ಆಗ್ಯಾದ, ಮುಳಗ್ಯಾದ, ಆದ್ರ ಒಂದ್ ಬಿರುಕಿಲ್ಲ! ಮಾಲ್ ಅಂದ್ರ ಇದು!"

"ಮನಿ ಮಜಬೂತ್ ಅದ ಖರೆ, ಒಳಗ ನಿಂದ್ರೋದು ಹ್ಯಾಂಗ?" ಎಂದರು ಮಕ್ಬೂಲ್ ಸಾಹೇಬರು.

ಅದನ್ನು ತಿಳಿಸಲು ಕೇಂದ್ರದವ ಒಂದು ಗಾಜಿನ ಪೆಟ್ಟಿಗೆ ತಂದ. ಒಳಗೆ ಹಸಿ ಉಸುಕು. ಅದರಲ್ಲೊಂದು ಟೊಳ್ಳು ಚೆಂಡು ಹೂತು, ಮೇಲೊಂದು ಭಾರದ ಆಟಿಕೆ ಮನೆ ಇಟ್ಟ. ಮೇಲ್ಭಾಗದ ಉಸುಕು ಒಣಗಿದಂತೆ, ಗಟ್ಟಿಯಾಗಿ ಕಾಣುತ್ತಿತ್ತು. ಗುಂಡಿ ಒತ್ತಿದ ಕೂಡಲೇ ಪೆಟ್ಟಿಗೆ ಗಡಗಡ ನಡುಗಿತು. ಉಸುಕಿನ ಮೇಲೆ ನೀರು ಎದ್ದಿತು. ಮನೆ ಸದ್ದಿಲ್ಲದೆ ವಾಲಿ ಸೊಂಟದವರೆಗೆ ಇಳಿಯಿತು. ಚೆಂಡು ಪುಟಕ್ಕನೆ ಮೇಲೆ ಬಂತು. ಗುಂಡಿ ಬಿಟ್ಟ ಮೇಲೆ ಉಸುಕು ಮತ್ತೆ ಗಟ್ಟಿ, ಮನೆ ಹಾಗೇ ಸಿಕ್ಕಿಕೊಂಡಿತು.

ಅಧಿಕಾರಿ ಅವನ ಮಾತನ್ನು ಕನ್ನಡದಲ್ಲಿ ಹೇಳಿದರು. ನನಗೆ ಅದು ಹೀಗೆ ತಿಳಿಯಿತು. ಸೇರಿಗೆ ಜೋಳ ತುಂಬಿ ಅಲ್ಲಾಡಿಸಿದರೆ ಕಾಳು ಒತ್ತೊತ್ತಾಗಿ ಕೂತು ಜೋಳ ಕೆಳಗಿಳಿಯುತ್ತದೆ. ಸಡಿಲ ಉಸುಕೂ ಹಾಗೇ ಕೂಡಲು ನೋಡುತ್ತದೆ. ಆದರೆ ಹರಳುಗಳ ನಡುವೆ ನೀರು ತುಂಬಿದ್ದರೆ, ಆ ನೀರಿಗೆ ಓಡಿಹೋಗಲು ಪುರಸೊತ್ತಿಲ್ಲ. ಅದೇ ಹರಳುಗಳನ್ನು ಎತ್ತಿ ಹಿಡಿಯುತ್ತದೆ. ನಡುಗುವಷ್ಟು ಹೊತ್ತು ನೆಲ ನೆಲವಲ್ಲ, ಅಂಬಲಿ. ಚಿಕ್ಕಂದಿನಲ್ಲಿ ಮಾಂಜ್ರಾಕ್ಕೆ ಹೋದಾಗ ನಾವು ನೀರಂಚಿನ ಉಸುಕನ್ನು ಅಂಗಾಲಿನಿಂದ ತಟ್ಟಿ ತಟ್ಟಿ ನೀರು ಮೇಲೇಳುವಂತೆ ಮಾಡುತ್ತಿದ್ದೆವು. ಅದೇ ಆಟ ಇಲ್ಲಿ ಊರಿಗೆ ಊರನ್ನೇ ಆಡಿಸಿತ್ತು.

ಹೊರಗೆ ಒಂದು ಉದ್ಯಾನದಲ್ಲಿ ಸಿಮೆಂಟಿನ ದಪ್ಪ ಕೊಳವೆಯೊಂದು ನನ್ನ ಎದೆಯುದ್ದ ನಿಂತಿತ್ತು. ಅದು ರಸ್ತೆಯ ಕೆಳಗಿನ ಗಟಾರದ ಮ್ಯಾನ್‌ಹೋಲ್ ಅಂತೆ. ನೆಲ ನೀರಾದಾಗ ಭಾರದ ಮನೆಗಳು ಇಳಿದವು, ಟೊಳ್ಳಾದ ಇವು ಮೇಲೆದ್ದವು. ಜನ ಮರೆಯದಿರಲಿ ಎಂದು ಒಂದನ್ನು ಹಾಗೇ ಉಳಿಸಿದ್ದಾರೆ.

ಮಕ್ಬೂಲ್ ಸಾಹೇಬರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. "ಟೊಳ್ಳು ಇದ್ದವ ಮ್ಯಾಲ ಏಳಲಿಕ್ಕೆ ಇವ್ರಿಗಿ ಭೂಕಂಪ ಬೇಕಾಯ್ತು ಭಾಬಿ. ನಮ್ಮ ಕಡಿ ಬರೇ ಇಲೆಕ್ಷನ್ ಸಾಕು."

ಕೊನೆಗೆ ಒಬ್ಬ ಅಜ್ಜಿಯ ಮನೆಗೆ ಹೋದೆವು. ಪ್ರವಾಸಿಗಳಿಗೆ ತನ್ನ ಕಥೆ ಹೇಳಲು ಆಕೆ ಒಪ್ಪಿದ್ದಳು. ಚಪ್ಪಲಿ ಬಿಡುವಾಗ ಬಾಬುರಾವ್ ಈ ಸಲ ನನ್ನನ್ನು ನೋಡಿಯೇ ಕಾಲಿಟ್ಟರು. ಹಸಿರು ಚಹಾ ಬಂತು. ಸಕ್ಕರೆ ಇಲ್ಲ, ಹಾಲು ಇಲ್ಲ. ಮಕ್ಬೂಲ್ ಸಾಹೇಬರು ಅದನ್ನು ಔಷಧ ಎಂದು ತಿಳಿದು ಒಂದೇ ಗುಟುಕಿಗೆ ಕುಡಿದರು. ಆಕೆ ಮತ್ತೆ ತುಂಬಿದಳು.

ಭೂಕಂಪದ ನಂತರ ಆಕೆಯೂ ಗಂಡನೂ ತಿಂಗಳುಗಟ್ಟಲೆ ವಾಲಿದ ಮನೆಯಲ್ಲೇ ಇದ್ದರಂತೆ. ಕಣ್ಣಿಗೆ ಹೆಚ್ಚು ವಾಲಿರಲಿಲ್ಲ. ಆದರೆ ಸಾರು ಬಟ್ಟಲಿನಲ್ಲಿ ಒಂದೇ ಕಡೆ ನಿಲ್ಲುತ್ತಿತ್ತು. ತಲೆ ತಿರುಗುತ್ತಿತ್ತು, ವಾಂತಿ ಬರುತ್ತಿತ್ತು. ರಾತ್ರಿ ಗಂಡ ಮಲಗಿದಲ್ಲಿಂದ ಉರುಳಿ ಬರುತ್ತಿದ್ದ. "ಮದುವೆಯಾದ ಇಷ್ಟು ವರ್ಷಕ್ಕೆ ಅವರೇ ನನ್ನ ಹತ್ತಿರ ಬಂದದ್ದು ಆವಾಗ" ಎಂದು ಆಕೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಂತರ ಮನೆಯನ್ನು ಜಾಕಿ ಕೊಟ್ಟು ಎತ್ತಿ ನೇರ ಮಾಡಿದ್ದಾರೆ. ಗಂಡ ಈಗಿಲ್ಲ.

"ಜಾಗ ತಗೊಳ್ಳೋವಾಗ ನೀವು ಏನೇನು ಕೇಳಿದ್ರಿ?" ಎಂದು ನಾನು ಅಧಿಕಾರಿಯ ಮೂಲಕ ಕೇಳಿದೆ.

ಆಕೆ ಒಂದೊಂದೇ ಬೆರಳು ಮಡಚಿ ಹೇಳಿದಳು. ರೈಲು ನಿಲ್ದಾಣ ಎಷ್ಟು ದೂರ, ಶಾಲೆ ಎಷ್ಟು ದೂರ, ಬಿಸಿಲು ಯಾವ ಕಿಟಕಿಗೆ ಬರುತ್ತದೆ. ಮನೆ ಗಟ್ಟಿ ಇದೆಯೇ ಎಂದು ಬಹಳ ಸಲ ಕೇಳಿದ್ದರು. ಗಟ್ಟಿ ಇದೆ ಎಂದು ಮಾರಿದವರು ಹೇಳಿದ್ದರು. ಅದು ಸುಳ್ಳಾಗಲಿಲ್ಲ.

"ಕೆಳಗೆ ಏನಿದೆ ಎಂದು?"

"ಕೇಳಲಿಲ್ಲ" ಎಂದಳು. ಮತ್ತೆ ನಮಗೆ ಚಹಾ ತುಂಬಿದಳು.

ನಮ್ಮ ಫಂಕ್ಷನ್ ಹಾಲಿನ ನಕ್ಷೆ ಮಾಡುವಾಗ ವಾಸ್ತುವಿನವರು ಮೂರು ಸಲ ಬಂದಿದ್ದರು. ಬಾಗಿಲು ಮೂಡಲಿಗೆ, ನೀರು ಈಶಾನ್ಯಕ್ಕೆ, ಅಡುಗೆ ಆಗ್ನೇಯಕ್ಕೆ. ಎಂಟೂ ದಿಕ್ಕುಗಳನ್ನು ವಿಚಾರಿಸಿದ್ದೆವು. ಕೆಳಗಿನ ದಿಕ್ಕೊಂದನ್ನು ಯಾರೂ ಎತ್ತಿರಲಿಲ್ಲ. ಉಸುಕು, ಅದರ ಕೆಳಗೆ ಒಂದಾಳು ಆಳಕ್ಕೆ ಹೊಳೆಯ ನೀರು. ಚಹಾದ ಬಟ್ಟಲು ಕೆಳಗಿಟ್ಟೆ.

ಬಸ್ಸಿಗೆ ಬಂದ ಕೂಡಲೇ ಯಜಮಾನರಿಗೆ ಫೋನ್ ಮಾಡಿದೆ.

"ಬುಲೆಟ್ ರೈಲ್ ನೋಡಿದಿ?" ಎಂದರು.

"ನೋಡ್ದೆ. ಏನ್ರಿ, ಆ ಹೊಳಿದಂಡಿ ಜಾಗದಾಗ ಪಾಯ ಹಾಕಸಬ್ಯಾಡ್ರಿ. ಭೂಮಿ ನಡುಗಿದ್ರ ಆ ಉಸುಕು ಅಂಬ್ಲಿ ಆಗ್ತದ."

"ನೀ ಜಪಾನಕ್ಕ ತಿರಗಾಡಲಿಕ್ಕ ಹೋಗಿದಿಯೊ, ನನ್ನ ಪಾಯ ನಿಲ್ಲಸಲಿಕ್ಕ ಹೋಗಿದಿಯೊ?" ಎಂದು ಫೋನ್ ಇಟ್ಟರು.

ಬಸ್ಸಿನಲ್ಲಿ ಕಂಪನಿಯ ಅಧಿಕಾರಿ ಎದ್ದು ನಿಂತು ಭಾಷಣ ಮಾಡಿದರು. ಇಂಥ ನೆಲಕ್ಕೆ ಆಳದವರೆಗೆ ಸಿಮೆಂಟು ಕಲಸಿ ಗಟ್ಟಿ ಮಾಡುವ ಉಪಾಯವೂ ಇದೆಯಂತೆ. "ಅಂದರೆ ಮನೆ ಮಾತ್ರ ಅಲ್ಲ, ನೆಲವೂ ನಮ್ಮ ಗಿರಾಕಿ!" ಡೀಲರುಗಳು ಇಡೀ ಪ್ರವಾಸದಲ್ಲಿ ಮೊದಲ ಸಲ ಚಪ್ಪಾಳೆ ತಟ್ಟಿದರು. ಜ್ಞಾನ ಬಂದಿತ್ತು.

ಮತ್ತೆ ಭಾಲ್ಕಿ

ಬಂದ ಮರುದಿನವೇ ಆ ಜಾಗದ ಉಸುಕು ತರಿಸಿ, ಅಂಗಡಿಯಲ್ಲಿ ಬಕೀಟಿಗೆ ಹಾಕಿ, ನೀರು ಬೆರೆಸಿ, ಮೇಲೊಂದು ಇಟ್ಟಂಗಿ ನಿಲ್ಲಿಸಿದೆ. ಬಕೀಟಿನ ಬದಿಗೆ ಹಾರೆಯ ಹಿಡಿಕೆಯಿಂದ ಬಡಿದೆ. ಇಟ್ಟಂಗಿ ವಾಲಿ ಇಳಿಯಿತು. ಗಿರಾಕಿಗಳು ಸೇರಿದರು. ಒಬ್ಬ ಬಕೀಟು ಮಾರಾಟಕ್ಕಿದೆಯೇ ಎಂದು ಕೇಳಿದ.

"ಬಕೀಟಿಗಿ ಬಡಿದ್ರ ಏನರ ಮುಳಗ್ತದ. ಹೊಳಿದಂಡಿಗಿ ಯಾರ್ ಬಡೀತಾರ?" ಎಂದರು ಯಜಮಾನರು.

ನಾನು ಬಾಬುರಾವ್ ಕಡೆ ನೋಡಿದೆ. ಎಲ್ಲವನ್ನೂ ನನ್ನ ಪಕ್ಕದಲ್ಲೇ ನಿಂತು ನೋಡಿದವರು. "ನೀವರ ಹೇಳ್ರಿ."

ಅವರು ಗಂಭೀರವಾಗಿ ಗದ್ದ ತುರಿಸಿಕೊಂಡರು. "ಜಪಾನದ್ದು ಉಪ್ಪುನೀರಿನ ಉಸುಕು ವೈನಿ. ನಮ್ಮದು ಸಿಹಿನೀರಿಂದು. ಫರಕ್ ಅದ."

ನಾನು ಬಕೀಟಿನಿಂದ ಇಟ್ಟಂಗಿ ಎತ್ತಿ ತೊಳೆದಿಟ್ಟೆ.

ಮಾಂಜ್ರಾ ದಂಡೆ

ಪೂಜೆಯ ದಿನ ಬೆಳಿಗ್ಗೆ ನಾನೂ ಹೋದೆ. ಅಯ್ಯನವರು ಮಂತ್ರ ಹೇಳಿದರು, ಕಾಯಿ ಒಡೆಯಿತು, ಪೇಢೆ ಹಂಚಿದರು. ಪಾಯ ತೋಡುವ ಮೊದಲು ನೆಲ ಗಟ್ಟಿ ಮಾಡಲು ಒಂದು ರೋಲರ್ ತರಿಸಿದ್ದರು. ಸುಮ್ಮನೆ ಉರುಳುವ ರೋಲರ್ ಅಲ್ಲ, ಗುಂಡಿ ಒತ್ತಿದರೆ ಅದರ ಗಾಲಿ ಥರಥರ ನಡುಗಿ ನೆಲ ಕುಟ್ಟುತ್ತದೆ. ನಡೆಸುವವ ಕಮಲನಗರದ ತುಕಾರಾಮ.

ಆತ ಒಂದೆರಡು ಸುತ್ತು ಹೊಡೆದ. ನಂತರ ತುಂಬಿದ ತೆಗ್ಗಿನ ಮೇಲೆ ಬಂದು ನಿಂತು, ನಡುಗಿಸುತ್ತಲೇ, "ಸಾಹುಕಾರ್ರ, ನೀರ್ ಬರ್ಲಿಕತ್ತಾದ ರೀ!" ಎಂದು ಕೂಗಿದ.

ಗಾಲಿಯ ಸುತ್ತ ನೀರು ಮಿನುಗುತ್ತಿತ್ತು. ಅಯ್ಯನವರು ಕೈ ಮುಗಿದರು. "ಗಂಗಮ್ಮ ತಾನಾಗೇ ಮ್ಯಾಲ ಬಂದಾಳ. ಶುಭ ಶಕುನ." ಬಾಬುರಾವ್ ಹೋಗಿ ಆ ನೀರಿಗೆ ಕುಂಕುಮ ಹಾಕಿದರು.

ಅವರು ಹಿಂದೆ ಸರಿಯುವುದರೊಳಗೆ ರೋಲರ್ ಒಂದು ಬದಿಗೆ ಬಾಗಿತು. ತುಕಾರಾಮ ಹೆದರಿ ಆ ಬದಿಗೇ ಹಾರಿದ. ಒಂದು ಕಾಲು ಮೊಳಕಾಲಿನವರೆಗೆ ಉಸುಕಿನಲ್ಲಿ ಹೋಯಿತು. ರೋಲರ್ ನಡುಗುತ್ತಲೇ ಇತ್ತು. ನಡುಗಿದಷ್ಟೂ ವಾಲುತ್ತಿತ್ತು, ಅವನ ಮೇಲೆಯೇ. ಗಂಡಸರು ಅವನನ್ನು ಎಳೆಯಲು ಓಡಿದರು. ಅವರ ಕಾಲುಗಳೂ ಇಳಿಯತೊಡಗಿದವು.

ನನ್ನ ಕಣ್ಣ ಮುಂದೆ ಆ ಗಾಜಿನ ಪೆಟ್ಟಿಗೆ ಬಂತು. ಗುಂಡಿ ಬಿಟ್ಟರೆ ಉಸುಕು ಗಟ್ಟಿಯಾಗುತ್ತದೆ.

"ಎಳೀಬ್ಯಾಡ್ರಿ! ಇಂಜಿನ್ ಬಂದ್ ಮಾಡು! ತುಕಾರಾಮ, ಚಾವಿ! ಚಾವಿ ತಿರುವು!"

ಅಷ್ಟು ದೊಡ್ಡ ದನಿ ನನಗಿದೆ ಎಂದು ನನಗೇ ಗೊತ್ತಿರಲಿಲ್ಲ. ಅವನು ಕೈ ಮೇಲೆತ್ತಿ ತಡಕಾಡಿ ಚಾವಿ ತಿರುವಿದ. ಇಂಜಿನ್ ನಿಂತಿತು. ರೋಲರ್ ಅವನ ಭುಜದಿಂದ ಗೇಣು ದೂರದಲ್ಲಿ, ವಾಲಿದಲ್ಲೇ ನಿಂತಿತು. ಉಸುಕು ಅವನ ಕಾಲನ್ನು ಗಚ್ಚಿನಂತೆ ಹಿಡಿದುಕೊಂಡಿತ್ತು. ಕೈಯಿಂದ ತೋಡಿ ತೋಡಿ ಬಿಡಿಸಿದೆವು. ಬೂಟು ಅಲ್ಲೇ ಉಳಿಯಿತು. ಮೂಳೆ ಮುರಿದಿರಲಿಲ್ಲ. ನಾನು ಅವನಿಗೆ ನೀರು ಕುಡಿಸಿದೆ. ಕುಡಿದು ಮುಗಿಸಿ, ಬೂಟಿನ ದುಡ್ಡು ಯಾರು ಕೊಡುತ್ತಾರೆ ಎಂದು ಕೇಳಿದ.

ರೋಲರ್ ಎಳೆಯಲು ಜೆಸಿಬಿ ಬಂತು. ಅದರ ಮುಂದಿನ ಗಾಲಿಗಳೂ ಇಳಿದವು. ಜೆಸಿಬಿ ಎಳೆಯಲು ಟ್ರ್ಯಾಕ್ಟರುಗಳು ಬಂದವು. ಬಾಬುರಾವ್ ಎಲ್ಲರಿಗೂ ದೂರದಿಂದಲೇ ಎಳೆಯಲು ಹೇಳುತ್ತಾ, ತಾವು ಜಪಾನಿನಲ್ಲಿ ಇದನ್ನೆಲ್ಲ ಕಣ್ಣಾರೆ ಕಂಡು ಬಂದವರು ಎಂದು ವಿವರಿಸುತ್ತಿದ್ದರು.

ಜನ ಚದುರಿದ ಮೇಲೆ ಯಜಮಾನರು ನನ್ನ ಪಕ್ಕ ಬಂದು ಕೂತರು. ಜಪಾನಿನ ಅಜ್ಜಿಯ ಕಥೆ ನಾನು ಅವರಿಗೆ ಮೊದಲೇ ಹೇಳಿದ್ದೆ.

"ಆ ಅಜ್ಜಿ ಇನ್ನೂ ಅದೇ ಮನ್ಯಾಗ ಅದಾಳೇನು?"

"ಅದಾಳ್ರಿ. ಎಲ್ಲಿಗಿ ಹೋಗಬೇಕು?"

ಅವರು ಉಸುಕನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟರು. "ಲಗ್ನದ ದಿನ ಆಗಿದ್ರ? ಮಂದಿ ಎಲ್ಲಾ ಪಂಕ್ತಿಗಿ ಕುಂತಿರ್ತಿತ್ತು. ಹೆಂಗಸ್ರು, ಕೂಸುಗೋಳು..."

ಎದ್ದು ಹೋಗಿ ಪಾಯದ ಗುರುತಿಗೆ ನೆಟ್ಟ ಗೂಟಗಳನ್ನು ಒಂದೊಂದೇ ಕಿತ್ತರು.

ಹಾಲ್ ಈಗ ಭಾಲ್ಕಿ ರಸ್ತೆಯ ಪಕ್ಕ, ಗುದ್ದಲಿ ಹಾಕಿದರೆ ಕಿಡಿ ಹಾರುವ ಕಲ್ಲುನೆಲದ ಮೇಲೆ ನಿಂತಿದೆ. ಯೋಚಿಸಿದ್ದಕ್ಕಿಂತ ಸಣ್ಣದು. ಹೊಳೆದಂಡೆಯ ಜಾಗವನ್ನು ಕಲ್ಲಂಗಡಿ ಬೆಳೆಯುವವರಿಗೆ ಕೊಟ್ಟಿದ್ದೇವೆ. ಆದರೆ 'ಮಾಂಜ್ರಾ ರಿವರ್ ವ್ಯೂ' ಎಂದು ಬೋರ್ಡು ಮೊದಲೇ ಬರೆಸಿಯಾಗಿತ್ತು. ಅದನ್ನೇ ಹಚ್ಚಿದರು. ಮೊದಲ ಮದುವೆಯ ದಿನ ಗಂಡಿನ ಕಡೆಯ ಹಿರಿಯರೊಬ್ಬರು ಹಾಲಿನ ಸುತ್ತ ಎರಡು ಸಲ ತಿರುಗಿ ಬಂದು, ಬಾಗಿಲಲ್ಲಿ ಗಂಧ ಹಚ್ಚುತ್ತಿದ್ದ ಬಾಬುರಾವ್ ಅವರನ್ನು ತಡೆದು ಕೇಳಿದರು.

"ಅಲ್ರಿ, ಹೊಳಿ ಎಲ್ಲದರಿ?"

ಬಾಬುರಾವ್ ಆ ಹಿರಿಯರ ಹಣೆಗೆ ಗಂಧ ಹಚ್ಚಿದರು.

"ಹೊಳಿ ಇಲ್ಲಿ ಇಲ್ಲ ಅಂತನೇ ಹಾಲ್ ಇಲ್ಲಿ ಅದ ರೀ. ನಡ್ರಿ, ಪಂಕ್ತಿ ಕೂಡ್ತು."